ಓಣಿಯೊಳಗಿನ ಸೂಪರ್‌ಈಗೋ

ಭಾದ್ರಪದ ಬಂತೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಹಳ್ಳಿಗಳಿಗೆ ಇಬ್ಬರು ದೇವರು ಒಬ್ಬರ ಬೆನ್ನಿಗೊಬ್ಬರು ಬರುತ್ತಾರೆ. ಮೊದಲು ಗಣಪ: ಜಗುಲಿ ಏರಿ, ಕಡುಬು ಉಂಡು, ಮೆರವಣಿಗೆಯಲ್ಲಿ ಹೊರಡುವ ಮನೆಮಗ. ಅವನ ಹಿಂದೆಯೇ ಜೋಕುಮಾರ: ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು, ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕೂತು, ಅಂಬಿಗರ ಹೆಣ್ಣುಮಕ್ಕಳ ತಲೆಯ ಮೇಲೆ ಮನೆಮನೆ ತಿರುಗುವ ಮಣ್ಣಿನ ಮೂರ್ತಿ. ಅವನ ಕಾಮುಕತನವನ್ನು ಹೆಂಗಸರೇ ಮುಚ್ಚುಮರೆಯಿಲ್ಲದೆ ಹಾಡುತ್ತಾರೆ. ಏಳು ದಿನದ ಬಾಳು ಮುಗಿದ ಮೇಲೆ ಅವನನ್ನು ಕೊಲ್ಲುತ್ತಾರೆ. ಕೈಲಾಸಕ್ಕೆ ಮರಳಿದ ಗಣಪ ‘ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆ’ ಎಂದು ವರದಿ ಒಪ್ಪಿಸುತ್ತಾನೆ. ಮಳೆಯಿಲ್ಲದೆ ಬೆಳೆ ಒಣಗುತ್ತಿದೆ ಎಂದು ಶಿವನಿಗೆ ನಿಜ ಹೇಳಿ ಮಳೆ ತರಿಸುವವನು ಜೋಕುಮಾರ. ಹೀಗೆನ್ನುತ್ತದೆ ಜನಪದರ ಕಥೆ.

ಸಭ್ಯ ಮಗನ ಬಾಯಿಂದ ಬಾರದ ಸತ್ಯ, ಊರು ಕೂಡಿ ಕೊಲ್ಲುವವನ ಬಾಯಿಂದ ಬರುತ್ತದೆ. ಸಿಗ್ಮಂಡ್ ಫ್ರಾಯ್ಡ್ 1923ರಲ್ಲಿ ವ್ಯಕ್ತಿತ್ವವನ್ನು ಮೂರು ಪಾಲು ಮಾಡಿದಾಗ ಹೇಳಿದ್ದೂ ಇದಕ್ಕೆ ತೀರ ದೂರದ್ದಲ್ಲ: ಬಯಕೆಯನ್ನು ಹೊರಗಟ್ಟಬಹುದು, ಅದರ ಮಾತಿಗೆ ಕಿವಿಗೊಡದೆ ಬಾಳಲಾಗದು. ಒಂದು ಅಂತರವಿದೆ. ಫ್ರಾಯ್ಡ್ ಕಂಡ ವಿಯೆನ್ನಾದ ರೋಗಿಗೆ ಬಯಕೆ ಮತ್ತು ತಡೆಗಳ ಈ ಜಗಳ ತನ್ನೊಬ್ಬನ ತಲೆಯೊಳಗಿನದು. ಇಲ್ಲಿ ಅದು ಬುಟ್ಟಿಯಲ್ಲಿ ಕೂತು ಮನೆಬಾಗಿಲಿಗೆ ಬರುತ್ತದೆ. ಇಂಥ ಒಳಜಗಳದಿಂದಲೇ ವ್ಯಕ್ತಿತ್ವವನ್ನು ವಿವರಿಸುವ, ನೂರು ವರ್ಷ ದಾಟಿದ ಸೈಕೋಡೈನಮಿಕ್ ಮನೋವಿಜ್ಞಾನದಲ್ಲಿ ಧಾರವಾಡದ ಹಳ್ಳಿಗೆ ಒಗ್ಗುವುದೇನು, ತಿದ್ದಬೇಕಾದದ್ದೇನು, ಬಿಡಬೇಕಾದದ್ದೇನು ಎಂದು ನೋಡಲು ಈ ಅಂತರವೇ ದಾರಿ.

ನಕ್ಷೆ ಬದಲಾದ ಬಗೆ

ಫ್ರಾಯ್ಡ್ ಬರೆದ ನಕ್ಷೆಗಳು ಎರಡು. 1900ರ ‘ಕನಸುಗಳ ವ್ಯಾಖ್ಯಾನ’ದಲ್ಲಿ ಮನಸ್ಸಿಗೆ ಮೂರು ನೆಲೆ: ಈಗ ಅರಿವಿನಲ್ಲಿರುವುದು, ನೆನೆದರೆ ಅರಿವಿಗೆ ಬರುವುದು, ಅರಿವಿಗೆ ಬಾರದಂತೆ ತಡೆದಿಟ್ಟದ್ದು. ಆದರೆ ಅಡಗಿಸಿಟ್ಟದ್ದಷ್ಟೇ ಅಲ್ಲ, ತಾನು ಏನನ್ನೋ ಅಡಗಿಸುತ್ತಿದ್ದೇನೆ ಎಂಬುದೂ ರೋಗಿಗೆ ತಿಳಿದಿರುವುದಿಲ್ಲ ಎಂದು ಅನುಭವ ಕಲಿಸಿತು. ಕಾವಲುಗಾರನೂ ಕತ್ತಲಲ್ಲೇ ಇದ್ದಾನೆ. ಈ ತೊಡಕನ್ನು ಬಿಡಿಸಲು ಬಂದದ್ದು 1923ರ ‘ಈಗೋ ಮತ್ತು ಇಡ್’ ಗ್ರಂಥದ ಎರಡನೆಯ ನಕ್ಷೆ. ಹುಟ್ಟಿನಿಂದಲೇ ಬಂದ, ‘ಈಗಲೇ ಬೇಕು’ ಎನ್ನುವುದು ಇಡ್. ಹೊರಜಗತ್ತಿನ ಲೆಕ್ಕ ನೋಡಿ, ತಡೆದು, ತೂಗಿ ನಡೆಸುವುದು ಈಗೋ ಅಥವಾ ಅಹಂ. ತಂದೆತಾಯಿಯ ಗದರಿಕೆ, ಹೊಗಳಿಕೆಗಳು ಒಳಗಿಳಿದು ತೀರ್ಪುಗಾರನ ಸ್ಥಾನದಲ್ಲಿ ಕೂತದ್ದು ಸೂಪರ್‌ಈಗೋ. ಈಗೋವನ್ನು ಅವನು ಕುದುರೆ ಸವಾರನಿಗೆ ಹೋಲಿಸಿದ. ಎಷ್ಟೋ ಸಲ ಕುದುರೆ ಹೊರಟ ಕಡೆಗೇ ತಾನೂ ಹೊರಟಿದ್ದೆ ಎಂದುಕೊಳ್ಳುವ ಸವಾರ.

ಅಲ್ಲಿಂದೀಚೆಗಿನ ಚರ್ಚೆ ಮೂರು ಕವಲಾಯಿತು. ಮೊದಲನೆಯದು ಈಗೋದ ಕೈಚಳಕವನ್ನು ಹಿಡಿದು ಹೋದದ್ದು. ಮಗಳು ಆನಾ ಫ್ರಾಯ್ಡ್ 1936ರ ಗ್ರಂಥದಲ್ಲಿ ರಕ್ಷಣಾ ತಂತ್ರಗಳನ್ನು ಪಟ್ಟಿ ಮಾಡಿದಳು. ಹಳ್ಳಿಯ ಓದುಗರಿಗೆ ಇವು ಹೊಸವಲ್ಲ. ಬದುವಿನ ಜಗಳದಲ್ಲಿ ತಮ್ಮನ ಮೇಲಿನ ತನ್ನದೇ ಹಗೆಯನ್ನು ‘ಅವಗ ನನ್ನ ಕಂಡ್ರ ಆಗೂದಿಲ್ಲ’ ಎಂದು ತಮ್ಮನ ತಲೆಗೇ ಕಟ್ಟಿದರೆ ಅದು ಪ್ರಕ್ಷೇಪಣ. ಸಾಲ ಕೊಟ್ಟವನ ಮುಂದೆ ನುಂಗಿದ ಸಿಟ್ಟು ಸಂಜೆ ಎತ್ತಿನ ಬೆನ್ನ ಮೇಲೆ ಬಾರುಕೋಲಾಗಿ ಇಳಿದರೆ ಅದು ಸ್ಥಾನಾಂತರ. ಅದೇ ಸಿಟ್ಟು ಭಜನಾ ಮೇಳದ ದಪ್ಪಿನಲ್ಲೋ ಡೊಳ್ಳಿನಲ್ಲೋ ಲಯವಾಗಿ ಹೊಮ್ಮಿದರೆ ಉದಾತ್ತೀಕರಣ.

ಎರಡನೆಯ ಕವಲು ಸಂಬಂಧಗಳದ್ದು. ಮೆಲನಿ ಕ್ಲೈನ್, ಫೇರ್‌ಬರ್ನ್, ವಿನಿಕಾಟ್ ಇವರ ಪ್ರಕಾರ ವ್ಯಕ್ತಿತ್ವ ಕಟ್ಟಿಕೊಳ್ಳುವುದು ಬರಿಯ ಬಯಕೆಗಳಿಂದಲ್ಲ. ಎಳವೆಯಲ್ಲಿ ಎತ್ತಿ ಆಡಿಸಿದವರ, ಕೈಬಿಟ್ಟವರ ಚಿತ್ರಗಳು ಒಳಗೆ ಉಳಿದು ಮುಂದಿನ ಸಂಬಂಧಗಳನ್ನೆಲ್ಲ ನಡೆಸುತ್ತವೆ. ಹಿರಿಯರ ಮನಸ್ಸಿಗೆ ತಕ್ಕಂತೆ ನಡೆದೂ ನಡೆದೂ ಮಗು ತನಗೇ ಅಪರಿಚಿತವಾಗುವ ಬಗೆಯನ್ನು ವಿನಿಕಾಟ್ 1960ರಲ್ಲಿ ‘ಸುಳ್ಳು ಸ್ವ’ ಎಂದು ಕರೆದ. 1971ರಲ್ಲಿ ಹೈಂಜ್ ಕೊಹುಟ್ ಈ ‘ಸ್ವ’ವನ್ನೇ ಸಿದ್ಧಾಂತದ ನಡುವಿಗೆ ತಂದ. ಎರಿಕ್ ಎರಿಕ್ಸನ್ 1950ರಲ್ಲೇ ಬಾಲ್ಯದಿಂದ ಮುಪ್ಪಿನವರೆಗೆ ಎಂಟು ಹಂತ ಹಾಕಿ, ಪ್ರತಿ ಹಂತದಲ್ಲೂ ಸಮಾಜಕ್ಕೆ ಒಂದು ಪಾತ್ರ ಕೊಟ್ಟಿದ್ದ.

ಮೂರನೆಯದು ಇಂದಿನ ಚಿಕಿತ್ಸಾಲಯಕ್ಕೆ ಹೆಚ್ಚು ಹತ್ತಿರವಾದದ್ದು. ಒಟ್ಟೊ ಕೆರ್ನ್‌ಬರ್ಗ್ ವ್ಯಕ್ತಿತ್ವದ ರಚನೆಯನ್ನು ಮೂರು ಪರೀಕ್ಷೆಗಳಿಂದ ಅಳೆದ: ತಾನು ಯಾರೆಂಬ ಚಿತ್ರ ಒಡೆಯದೆ ಉಳಿದಿದೆಯೇ, ರಕ್ಷಣಾ ತಂತ್ರಗಳು ಪ್ರೌಢವೋ ಕಚ್ಚಾವೋ, ವಾಸ್ತವದ ಅರಿವು ನೆಟ್ಟಗಿದೆಯೇ. ಉತ್ತರದ ಮೇಲೆ ನ್ಯೂರೋಟಿಕ್, ಬಾರ್ಡರ್‌ಲೈನ್, ಸೈಕೋಟಿಕ್ ಎಂಬ ಮೂರು ಮಟ್ಟಗಳು. ರೋಗದ ಹೆಸರಿಗಿಂತ ರೋಗಿ ನಿಂತ ನೆಲದ ಗಟ್ಟಿತನವನ್ನು ನೋಡುವ ಈ ಕ್ರಮವೇ 2006ರಲ್ಲಿ ಬಂದ ಸೈಕೋಡೈನಮಿಕ್ ರೋಗನಿರ್ಣಯ ಕೈಪಿಡಿಯ ಬೆನ್ನೆಲುಬು.

ಕಥೆ ಹೇಳುವ ಹೆಂಗಸರ ಸಾಕ್ಷಿ

ಈ ನಕ್ಷೆಯನ್ನು ನಮ್ಮ ಸೀಮೆಯ ಕಥೆಗಳ ಪಕ್ಕ ಇಟ್ಟು ನೋಡಿದವರು ಎ.ಕೆ. ರಾಮಾನುಜನ್. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದವರು ಉತ್ತರ ಕರ್ನಾಟಕದ ಹೆಂಗಸರ ಬಾಯಿಂದ ಕಥೆ ಸಂಗ್ರಹಿಸಿದರು. ಅದರಲ್ಲೊಂದು ಅವರ ‘ಭಾರತೀಯ ಈಡಿಪಸ್’ ಪ್ರಬಂಧದ ಜೀವ.

ಮಗನನ್ನೇ ಮದುವೆಯಾಗುವೆ ಎಂಬ ಹಣೆಬರಹ ಹೊತ್ತು ಹುಟ್ಟಿದ ಹುಡುಗಿ ಗಂಡಸರ ಸಹವಾಸವೇ ಬೇಡವೆಂದು ಕಾಡು ಸೇರುತ್ತಾಳೆ. ದಾರಿಹೋಕ ರಾಜನೊಬ್ಬ ಉಚ್ಚೆ ಹೊಯ್ದ ಮರದ ಮಾವಿನಹಣ್ಣು ತಿಂದು ಬಸುರಾಗುತ್ತಾಳೆ. ಹುಟ್ಟಿದ ಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಬೇರೊಂದು ರಾಜ್ಯದಲ್ಲಿ ಬೆಳೆದ ಆ ಹುಡುಗನೇ ಬೇಟೆಗೆ ಬಂದು ಅವಳನ್ನು ಕಂಡು ಮೆಚ್ಚಿ ಮದುವೆಯಾಗುತ್ತಾನೆ. ಅವರಿಗೊಂದು ಗಂಡು ಕೂಸು ಹುಟ್ಟಿದಾಗ, ಪದ್ಧತಿಯಂತೆ ತಂದೆಯ ಎಳವೆಯ ಬಟ್ಟೆ ಹೊರಬರುತ್ತದೆ: ಅದೇ ಸೀರೆ. ಅವಳು ಕೂಸನ್ನು ಮಗನೆಂದೂ ಮೊಮ್ಮಗನೆಂದೂ ಮೈದುನನೆಂದೂ ಜೋಗುಳದಲ್ಲಿ ಕರೆದು, ಅದೇ ಸೀರೆಯಿಂದ ಪ್ರಾಣ ಬಿಡುತ್ತಾಳೆ.

ಗಂಡುಮಗುವಿಗೆ ತಾಯಿಯ ಮೇಲೆ ಬಯಕೆ, ತಂದೆಯ ಮೇಲೆ ಹಗೆ ಮತ್ತು ಭಯ ಎಂಬ ತನ್ನ ವಾದಕ್ಕೆ ಫ್ರಾಯ್ಡ್ ಹೆಸರು ಪಡೆದ ಈಡಿಪಸ್‌ನ ಗ್ರೀಕ್ ಕಥೆಯಲ್ಲಿ ತಂದೆಯ ಕೊಲೆಯಿದೆ, ಮಗನ ಕಣ್ಣಿನಲ್ಲಿ ಕಥೆ ನಡೆಯುತ್ತದೆ, ನಿಜ ಗೊತ್ತಾಗುವುದೂ ಅವನಿಗೆ. ಇಲ್ಲಿ ತಂದೆ ಮರದ ಬುಡದಲ್ಲಿ ಒಂದು ಗಳಿಗೆ ನಿಂತು ಹೋದವನು. ಅರಿವು ಬರುವುದು ತಾಯಿಗೆ, ಬೆಲೆ ತೆರುವವಳೂ ಅವಳೇ. ಮಗನಿಗೆ ಏನೂ ಗೊತ್ತಿಲ್ಲ. ತಂದೆ-ಮಗನ ಪುರಾಣಗಳಲ್ಲೂ ದಿಕ್ಕು ತಿರುಗಿದೆ ಎಂದು ರಾಮಾನುಜನ್ ತೋರಿಸಿದರು: ಭೀಷ್ಮ ತಂದೆಗಾಗಿ ಹೆಣ್ಣಿನ ಸಂಗ ಬಿಡುತ್ತಾನೆ, ಪೂರು ಯಯಾತಿಗೆ ತನ್ನ ಯೌವನ ಕೊಡುತ್ತಾನೆ, ಗಣಪನ ತಲೆ ಕಡಿಯುವವನು ಶಿವ. ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು ಆಕ್ಸ್‌ಫರ್ಡ್‌ಗೆ ಹೊರಡುವ ಹೊತ್ತಿಗೆ ಬರೆದ, 1961ರಲ್ಲಿ ಮನೋಹರ ಗ್ರಂಥಮಾಲೆ ಪ್ರಕಟಿಸಿದ ‘ಯಯಾತಿ’ ನಾಟಕಕ್ಕೆ ಹಿರಿಯರೊಡನೆ ತಮಗಿದ್ದ ತಿಕ್ಕಾಟವೇ ಬೀಜವಾಗಿತ್ತು ಎಂಬುದನ್ನು ಅವರೇ ಮುಂದೆ ಗುರುತಿಸಿದರು.

ರಾಮಾನುಜನ್ ಸಂಗ್ರಹದ ಇನ್ನೊಂದು ಕನ್ನಡ ಕಥೆ ದಮನದ, ಎಂದರೆ ಅರಿವಿಗೆ ಬಾರದಂತೆ ತಡೆದಿಡುವುದರ, ಪಾಠವನ್ನು ಯಾವ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಹೇಳುತ್ತದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು, ಯಾರಿಗೂ ಹೇಳಲಿಲ್ಲ. ಉಸಿರುಗಟ್ಟಿದ ಅವೆರಡೂ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು ಒಂದು ಜೋಡು ಕೆರ, ಒಂದು ಗಂಡಸಿನ ಅಂಗಿಯಾಗಿ ಮನೆಯಲ್ಲಿ ಕೂತವು. ಗಂಡ ಸಂಶಯಪಟ್ಟು ಜಗಳವಾಡಿ ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರ ದೀಪಗಳೆಲ್ಲ ಅಲ್ಲಿ ಸೇರಿ ಹರಟುವಾಗ ನಿಜ ತಿಳಿಯಿತು. ಮನೆಗೆ ಬಂದು ಕೇಳಿದರೆ ಅವಳಿಗೆ ಕಥೆಯೂ ನೆನಪಿಲ್ಲ, ಹಾಡೂ ನೆನಪಿಲ್ಲ. ಹೇಳದೆ ಇಟ್ಟದ್ದು ವೇಷ ಬದಲಿಸಿ ಹೊರಬರುತ್ತದೆ, ಆ ವೇಷವೇ ಜಗಳಕ್ಕೆ ಕಾರಣವಾಗುತ್ತದೆ, ಬಚ್ಚಿಟ್ಟವಳಿಗೇ ಗುರುತು ಸಿಗುವುದಿಲ್ಲ. ರೋಗಲಕ್ಷಣವೆಂದರೆ ವೇಷ ಹಾಕಿ ಬಂದ ಬಯಕೆ ಎಂಬ ಫ್ರಾಯ್ಡ್‌ನ ವಾದ ಇದರಲ್ಲಿ ಪೂರ್ತಿಯಿದೆ. ಕಾರ್ನಾಡರ ‘ನಾಗಮಂಡಲ’ದ ಆರಂಭಕ್ಕೆ ದೀಪಗಳು ಬಂದದ್ದೂ ಇಲ್ಲಿಂದಲೇ.

ಕಲ್ಕತ್ತೆಯ ತಿದ್ದುಪಡಿ, ಬೆಂಗಳೂರಿನ ಅನುಭವ

ಸಿದ್ಧಾಂತ ತಿದ್ದಬೇಕೆಂಬ ಮಾತು ಭಾರತದಲ್ಲಿ ಬೇಗನೆ ಹುಟ್ಟಿತು. 1922ರಲ್ಲಿ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್ ಫ್ರಾಯ್ಡ್‌ಗೆ ಪತ್ರ ಬರೆಯುತ್ತಾ, ತನ್ನ ಭಾರತೀಯ ಗಂಡು ರೋಗಿಗಳಲ್ಲಿ ತಂದೆಯ ಭಯಕ್ಕಿಂತ ಹೆಣ್ಣಾಗಬೇಕೆಂಬ ಬಯಕೆಯೇ ಸುಲಭವಾಗಿ ಹೊರಬರುತ್ತದೆ ಎಂದ. ಪ್ರತಿ ಬಯಕೆಯ ಜೊತೆಗೂ ಅದರ ಎದುರು ಬಯಕೆ ಹುಟ್ಟುತ್ತದೆ ಎಂಬುದು ಅವನದೇ ಸಿದ್ಧಾಂತ. ಫ್ರಾಯ್ಡ್ ಗೌರವದಿಂದ ಉತ್ತರಿಸಿದ, ಒಪ್ಪಲಿಲ್ಲ.

ಸುಧೀರ್ ಕಾಕರ್ 1978ರ ‘ದಿ ಇನ್ನರ್ ವರ್ಲ್ಡ್’ನಲ್ಲಿ ಈ ಎಳೆಯನ್ನು ಮುಂದುವರಿಸಿದರು. ಭಾರತದ ಗಂಡುಮಗು ನಾಲ್ಕೈದು ವರ್ಷ ತಾಯಿಯ ಮಗ್ಗುಲಲ್ಲೇ ಇದ್ದು, ಆಮೇಲೆ ಒಮ್ಮೆಲೇ ಗಂಡಸರ ಲೋಕಕ್ಕೆ ತಳ್ಳಲ್ಪಡುತ್ತದೆ. ಮಾಡಬೇಕಾದದ್ದು, ಮಾಡಬಾರದ್ದು ಎಂಬ ಕಾವಲನ್ನು ಅದರ ಒಳಗಿನ ತೀರ್ಪುಗಾರನಿಗಿಂತ ಕುಟುಂಬ, ಜಾತಿಗಳೇ ಹೆಚ್ಚು ಹೊರುತ್ತವೆ ಎಂದರು. 1988ರಲ್ಲಿ ಅಲನ್ ರೋಲಂಡ್ ಇದನ್ನೇ ‘ಕೌಟುಂಬಿಕ ಸ್ವ’ ಎಂದ.

ಇದಕ್ಕೂ ಆಕ್ಷೇಪ ಬಂತು, ಬರಬೇಕಾದದ್ದೇ. 1992ರಲ್ಲಿ ಸ್ಟಾನ್ಲಿ ಕರ್ಟ್ಜ್, ಭಾರತದ ಮಗುವಿಗೆ ತಾಯಿ ಒಬ್ಬಳಲ್ಲ, ಮನೆಯ ಹೆಂಗಸರೆಲ್ಲ ಸೇರಿ ತಾಯಿ ಎಂದು ವಾದಿಸಿದ. ಕಲಘಟಗಿಯ ಭತ್ತದ ಗದ್ದೆಗೋ ನವಲಗುಂದದ ಎರಿ ಹೊಲಕ್ಕೋ ಕಳೆ ತೆಗೆಯಲು ಕೂಲಿಗೆ ಹೋಗುವ ತಾಯಿಯ ಕೂಸು ಮರಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗುತ್ತದೆ. ತೂಗುವವಳು ಆರೇಳು ವರ್ಷದ ಅಕ್ಕ, ಸಂಜೆ ಉಣ್ಣಿಸುವವಳು ಆಯಿ. ಮೇಲ್ಜಾತಿಯ ಕೂಡುಕುಟುಂಬದ ತೊಟ್ಟಿಲನ್ನು ಎದುರಿಗಿಟ್ಟು ಬರೆದ ಸಿದ್ಧಾಂತ ಈ ಜೋಳಿಗೆಗೆ ಹೊಂದುವುದಿಲ್ಲ. ಇಲ್ಲಿ ಅಕ್ಕನ ಸ್ಥಾನವೇನು ಎಂಬುದರ ಮೇಲೆ ಬರವಣಿಗೆಯೂ ವಿರಳ.

ಚಿಕಿತ್ಸೆಯ ಕೋಣೆಯಿಂದ ಬಂದ ತಿದ್ದುಪಡಿ ಬೆಂಗಳೂರಿನದು. ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ಎನ್.ಸಿ. ಸೂರ್ಯ ಮತ್ತು ಜಯರಾಮ್ 1964ರಲ್ಲಿ ಬರೆದ ಲೇಖನದ ಸಾರ ಇದು: ನಮ್ಮ ರೋಗಿ ತನ್ನ ಒಳಗನ್ನು ಅಗೆಯುವ ವಿವರಣೆಗೆ ಅಷ್ಟಾಗಿ ಒಲಿಯುವುದಿಲ್ಲ, ಚಿಕಿತ್ಸಕನನ್ನು ಮನೆಯ ಹಿರಿಯನಂತೆ ಕಂಡು ನೇರ ಆಸರೆ ಕೇಳುತ್ತಾನೆ. ಫ್ರಾಯ್ಡ್‌ನ ಪದ್ಧತಿಯಂತೆ ರೋಗಿ ಮಲಗಿದ ಮಂಚದ ಹಿಂದೆ ಮೌನವಾಗಿ ಕೂತ ವೈದ್ಯ ಇಲ್ಲಿ ನಿರ್ದಯಿಯಾಗಿ ಕಂಡಾನು. 1973ರಲ್ಲಿ ಜೆ.ಎಸ್. ನೇಕಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಮುಂದಿಟ್ಟರು. ಈ ಬಗೆಯ ಆಸರೆ ಕುಂದಗೋಳ ತಾಲ್ಲೂಕಿಗೆ ಅರ್ಥವಾಗುವಂಥದ್ದು. ಶಿಶುನಾಳ ಶರೀಫರಿಗೆ ಗುರುವಾದ ಗೋವಿಂದಭಟ್ಟರ ಕಳಸ ಇರುವುದು ಅಲ್ಲೇ. ಆದರೆ ಹಿರಿಯನಾಗಿ ಕೂತ ವೈದ್ಯ ರೋಗಿಯ ಮೇಲೆ ಇನ್ನೊಬ್ಬ ಯಜಮಾನನಾಗುವ ಅಪಾಯವನ್ನೂ ಮರೆಯಬಾರದು.

ಕಾವಲು ಎಲ್ಲಿದೆ?

ತಾಲ್ಲೂಕು ಆಸ್ಪತ್ರೆಗೆ ಬರುವ ಹೆಣ್ಣುಮಗಳು ‘ಮನಸ್ಸಿಗೆ ಬೇಸರ’ ಎನ್ನುವುದು ಕಡಿಮೆ. ‘ಎದಿ ಉರಿತೈತ್ರಿ, ತಲಿ ಜಿಮ್ ಅಂತೈತಿ, ಕೈಕಾಲು ಸೋತಾವು’ ಎನ್ನುತ್ತಾಳೆ. ಪಕ್ಕದಲ್ಲಿ ಅತ್ತೆ ನಿಂತಿರುತ್ತಾಳೆ. ‘ಮನ್ಯಾಗ ಏನರ ತ್ರಾಸ ಐತೇನವಾ?’ ಎಂದು ಡಾಕ್ಟರು ಸೊಸೆಯನ್ನು ಕೇಳಿದರೆ, ‘ಏನಿಲ್ರೀ ಸಾಹೇಬ್ರ, ಎಲ್ಲಾ ಛಲೋ ಐತಿ’ ಎಂದು ಉತ್ತರಿಸುವವಳು ಅತ್ತೆ. ಸೂಪರ್‌ಈಗೋವನ್ನು ಹುಡುಕಲು ಸೊಸೆಯ ಸುಪ್ತಮನಸ್ಸಿಗೆ ಇಳಿಯುವ ಮುನ್ನ, ಅದು ಸೆರಗು ಹೊದ್ದು ಪಕ್ಕದಲ್ಲೇ ನಿಂತಿರುವುದನ್ನು ಕಾಣಬೇಕು. ಅತ್ತೆಯ ಬೆನ್ನಿಗೆ ಓಣಿಯಿದೆ, ಓಣಿಯ ಬೆನ್ನಿಗೆ ‘ನಾಕು ಮಂದಿ ಏನಂದಾರು’ ಎಂಬ ಮಾತಿದೆ. ಈ ನಾಲ್ಕು ಮಂದಿಯ ಹೆಸರು ಯಾರಿಗೂ ಗೊತ್ತಿಲ್ಲ, ಅಂಜಿಕೆ ಮಾತ್ರ ಎಲ್ಲರಿಗೂ ಇದೆ.

ಕಾವಲು ಹೊರಗಿದ್ದರೆ ಬಿಡುಗಡೆಯ ದಾರಿಗಳೂ ಹೊರಗಿರುತ್ತವೆ. ಹೋಳಿ ಹುಣ್ಣಿಮೆಯಲ್ಲಿ ಹಲಗೆಯ ಸದ್ದಿಗೆ ಬಾಯಿ ಬಡಿದುಕೊಂಡು ಬೈಗುಳ ಹಾಡುವವರು ಮರುದಿನ ಅದೇ ಬಾಯಲ್ಲಿ ‘ಯಣ್ಣಾ, ಯಕ್ಕಾ’ ಎನ್ನುತ್ತಾರೆ. ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ಜನ ಹರಕೆ ಹೊತ್ತು ಮದುವೆ, ಮಕ್ಕಳ ಭಾಗ್ಯ ಬೇಡುತ್ತಾರೆ. ಮನೆಯಲ್ಲಿ ತುಟಿ ಮೀರದ ಬಯಕೆಗೆ ಅಲ್ಲಿ ಸಾಲು ಹಚ್ಚಿ ನಿಲ್ಲುವ ಹಕ್ಕಿದೆ. ಇಡ್‌ಗೆ ಪಂಚಾಂಗದಲ್ಲೇ ದಿನ ಗೊತ್ತುಮಾಡಿದ್ದಾರೆ.

ದಿನ ಸಿಗದ ಬಯಕೆ ‘ಮೈಯಾಗ ಬರುತ್ತದೆ’. ಸೊಸೆಯ ಮೈಮೇಲೆ ದೇವತೆಯೋ ಸತ್ತ ಹಿರಿಯಳೋ ಬಂದು ಮಾವನನ್ನು ಏಕವಚನದಲ್ಲಿ ಗದರಿದರೆ ಮನೆಯವರು ಕೈಮುಗಿದು ಕೇಳುತ್ತಾರೆ. ಅವಳ ಮಾತಿಗೆ ಇಲ್ಲದ ಬೆಲೆ ಅವಳ ಬಾಯಲ್ಲಿ ಬಂದ ದೇವರ ಮಾತಿಗಿದೆ. ಬಯಕೆ ಹೊರಬಿತ್ತು, ಹೊಣೆ ಅವಳದಲ್ಲ, ಮರ್ಯಾದೆ ಉಳಿಯಿತು: ಇಡ್, ಈಗೋ, ಸೂಪರ್‌ಈಗೋ ಮೂರೂ ಒಪ್ಪುವ ರಾಜಿ. ಕೆರ್ನ್‌ಬರ್ಗ್‌ನ ಅಳತೆಯಲ್ಲೂ, ದೇವರು ಇಳಿದ ಮೇಲೆ ಅವಳಿಗೆ ತಾನು ಯಾರೆಂಬುದು ಗೊತ್ತಿದ್ದು, ಹೊಲ-ಮನೆ ಕೆಲಸ ನೆಟ್ಟಗೆ ನಡೆದಿದ್ದರೆ, ಅದನ್ನು ಸೈಕೋಟಿಕ್ ಮಟ್ಟದ ಮನೋವಿಕಲತೆ ಎನ್ನಲಾಗದು. ಉಡುಪಿ ಸೀಮೆಯ ಕೋಟದಲ್ಲಿ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ವೈದ್ಯರು, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ ಎಲ್ಲರ ಬಳಿಗೂ ಹೋಗುತ್ತಿದ್ದುದು ಕಂಡಿತ್ತು. ಧಾರವಾಡದ ಕಡೆಯೂ ಇದು ಇಂದಿಗೂ ನಿಜ. ಆದರೆ ಈ ರಾಜಿ ಸೊಸೆಗೆ ಒಂದು ಗಳಿಗೆಯ ಅಧಿಕಾರ ಕೊಡುತ್ತದೆಯೇ ಹೊರತು ಮನೆಯ ಏರ್ಪಾಡನ್ನು ಬದಲಿಸುವುದಿಲ್ಲ. ಹೊಡೆತ, ಸರಪಳಿ, ಹೊಗೆಯ ‘ಉಪಚಾರ’ವನ್ನು ಸಂಸ್ಕೃತಿಯ ಹೆಸರಿನಲ್ಲಿ ಮನ್ನಿಸಲೂ ಆಗದು.

ಸಿಟ್ಟಿನ ವಿಷಯದಲ್ಲಿ ಕಾವಲಿನ ಪ್ರಶ್ನೆ ಇನ್ನೂ ಕಠಿಣ. ಕಳೆದುಕೊಂಡದ್ದರ ಮೇಲಿನ ಕೋಪ ತನ್ನ ಮೇಲೆಯೇ ತಿರುಗುವುದೇ ವಿಷಾದರೋಗ ಎಂದು ಫ್ರಾಯ್ಡ್ 1917ರಲ್ಲಿ ಬರೆದ. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ರೈತರ ಸಿಟ್ಟು ಬೀದಿಗೆ ಬಂತು. ಗೋಲಿಬಾರಿನಲ್ಲಿ ರೈತರು ಸತ್ತರು. ಆ ದಿನ ಇಂದಿಗೂ ಹುತಾತ್ಮ ದಿನ. ಅಂದು ಕೂಡಿ ಹೊರಹೊಮ್ಮಿದ ಸಿಟ್ಟಿಗೆ ಎದುರಾಳಿ ಕಣ್ಣ ಮುಂದಿದ್ದ. ಒಂಟಿ ಸಾಲಗಾರನಿಗೆ ಅಂಥ ಎದುರಾಳಿ ಸಿಗುವುದಿಲ್ಲ. ‘ಮಾನ ಹೋತು’ ಎಂಬ ತೀರ್ಪನ್ನು ಅವನು ತನಗೇ ಕೊಟ್ಟುಕೊಳ್ಳುತ್ತಾನೆ. ಸಾಲಕ್ಕೆ ಕಾರಣ ಮಳೆ, ಬೆಲೆ, ಬಡ್ಡಿ. ಅವನ್ನು ಮನಸ್ಸಿನ ರೋಗವೆಂದು ಇಳಿಸಿ ಹೇಳುವುದು ಅನ್ಯಾಯ. ಆದರೆ ಒಂದೇ ಸಾಲ ಒಬ್ಬನನ್ನು ಸಂಘಕ್ಕೂ ಇನ್ನೊಬ್ಬನನ್ನು ಏಕಾಂತಕ್ಕೂ ಏಕೆ ತಳ್ಳುತ್ತದೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರ ಒಂದೇ ಸಾಲದು.

ಆಕ್ಷೇಪಗಳು

ಸಿದ್ಧಾಂತದ ಬಲಹೀನತೆ ಗುಟ್ಟಲ್ಲ. ಯಾವ ನಡತೆ ಕಂಡರೂ ಅದಕ್ಕೆ ವಿವರಣೆ ಹೊಂದಿಸಬಲ್ಲ, ಯಾವುದರಿಂದಲೂ ಸುಳ್ಳಾಗದ ಮಾತು ವಿಜ್ಞಾನವಲ್ಲ ಎಂದ ಕಾರ್ಲ್ ಪಾಪರ್. ಇಡ್, ಈಗೋಗಳಿಗೆ ಮಿದುಳಿನಲ್ಲಿ ಗೊತ್ತಾದ ಜಾಗವಿಲ್ಲ. ಹೆಣ್ಣಿನ ಬಗ್ಗೆ ಫ್ರಾಯ್ಡ್ ಬರೆದ ಬಹುಪಾಲು ಇಂದು ನಿಲ್ಲುವುದಿಲ್ಲ. ಉಳಿದಿರುವುದೂ ಕಡಿಮೆಯಲ್ಲ. ಮನಸ್ಸಿನ ಹೆಚ್ಚಿನ ಕೆಲಸ ಅರಿವಿಗೆ ಬಾರದೆ ನಡೆಯುತ್ತದೆ ಎಂಬುದನ್ನು ಪ್ರಯೋಗಾಲಯದ ಮನೋವಿಜ್ಞಾನವೂ ಒಪ್ಪಿದೆ. 1938ರಲ್ಲಿ ಶುರುವಾದ ಹಾರ್ವರ್ಡ್ ಅಧ್ಯಯನದ ಗಂಡಸರನ್ನು ದಶಕಗಳ ಕಾಲ ಹಿಂಬಾಲಿಸಿದ ಜಾರ್ಜ್ ವೇಲಂಟ್, ಪ್ರೌಢ ರಕ್ಷಣಾ ತಂತ್ರ ಬಳಸುವವರ ಬದುಕು ಮೇಲಾಗಿ ಸಾಗುವುದನ್ನು ತೋರಿಸಿದ. 2010ರಲ್ಲಿ ಜೊನಾಥನ್ ಶೆಡ್ಲರ್ ಹಲವು ಸಂಶೋಧನೆಗಳನ್ನು ಒಟ್ಟುಮಾಡಿ, ಸೈಕೋಡೈನಮಿಕ್ ಚಿಕಿತ್ಸೆಯ ಫಲ ಇತರ ಮಾತಿನ ಚಿಕಿತ್ಸೆಗಳಿಗೆ ಸಮನಾಗಿದೆ ಎಂದ. ಅದರ ಮೇಲೂ ವಾದವಿದೆ. ಒಟ್ಟಿನಲ್ಲಿ ಮೂರು ಕೋಣೆಗಳ ಮನೆಯೆಂಬ ಚಿತ್ರ ಕುಸಿದಿ‌ದ್ದರೂ, ಬಯಕೆ, ತಡೆ, ರಾಜಿ ಎಂಬ ಜಗಳದ ವರ್ಣನೆ ನಿಂತಿದೆ.

ಮುಂದಿನ ಕೆಲಸ

ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ಇಂದು ಅದು ಡಿಮ್ಹಾನ್ಸ್. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ 1980ರ ದಶಕದ ಬಳ್ಳಾರಿಯೇ ದೇಶಕ್ಕೆ ಮಾದರಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರನ್ನು ಕಾಣುವ ಏರ್ಪಾಡಿದೆ, 2022ರಿಂದ 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೇ ಮಾತಾಡುತ್ತದೆ. ಕಟ್ಟೋಣ, ಔಷಧ ಒಂದು ಮಟ್ಟಕ್ಕೆ ಬಂದಿವೆ. ಬಾರದೆ ಉಳಿದದ್ದು ಬಿಡುವಾಗಿ ಕೂತು ಕೇಳುವ ಮಾತಿನ ಚಿಕಿತ್ಸೆ, ಮತ್ತು ಅದರಿಂದ ಹುಟ್ಟಬೇಕಾದ ಕನ್ನಡದ ರೋಗಚರಿತ್ರೆಗಳು. ಫ್ರಾಯ್ಡ್ ತನ್ನ ಸಿದ್ಧಾಂತ ಕಟ್ಟಿದ್ದು ವಿಯೆನ್ನಾದ ಕೆಲವೇ ರೋಗಿಗಳ ದೀರ್ಘ ದಾಖಲೆಗಳಿಂದ. ಅಣ್ಣಿಗೇರಿಯ ಸೊಸೆಯ, ನವಲಗುಂದದ ರೈತನ, ತಮ್ಮನನ್ನು ತೂಗುತ್ತಾ ಬೆಳೆದ ಕಲಘಟಗಿಯ ಅಕ್ಕನ ಅಂಥ ದಾಖಲೆಗಳು ಗುರುತು ಮರೆಸಿ ಕನ್ನಡದಲ್ಲಿ ಬರಬೇಕು.

ಅಲ್ಲಿಯವರೆಗೆ ಮೂರು ಪಾಲುಗಳನ್ನು ಮೂರು ಪ್ರಶ್ನೆಗಳಾಗಿ ಬಳಸಬಹುದು. ಈಕೆಗೆ ಏನು ಬೇಕಾಗಿತ್ತು? ಬೇಡ ಎಂದವರು ಯಾರು, ಒಳಗಿದ್ದಾರೋ ಪಕ್ಕದಲ್ಲೇ ನಿಂತಿದ್ದಾರೋ? ನಡುವೆ ಈಕೆ ಮಾಡಿಕೊಂಡ ರಾಜಿ ಯಾವುದು, ಅದಕ್ಕೆ ತೆತ್ತದ್ದೆಷ್ಟು? ಎರಡನೆಯ ಪ್ರಶ್ನೆಯ ಉತ್ತರ ‘ಪಕ್ಕದಲ್ಲಿ’ ಎಂದಾದರೆ ಚಿಕಿತ್ಸೆಯೂ ಸೊಸೆಯೊಬ್ಬಳದಾಗಿ ಮುಗಿಯುವುದಿಲ್ಲ. ಅತ್ತೆಯನ್ನು ಮೊದಲು ಹೊರಗೆ ಕೂರಿಸಬೇಕು, ಆಮೇಲೆ ಅವಳನ್ನೂ ಒಳಗೆ ಕರೆದು ಕೇಳಬೇಕು. ಒಂದು ಕಾಲಕ್ಕೆ ಅವಳೂ ಸೊಸೆಯಾಗಿದ್ದವಳೇ.